ಬೀಗರ ಕಾರುಗಳು

ನನಗೆ ಕಾರು ಓಡಿಸಲು ಬರುವುದಿಲ್ಲ. ಬಹುಶಃ ಅದಕ್ಕೇ ನನ್ನ ಇಬ್ಬರು ಕಾರುಮರುಳ ಸ್ನೇಹಿತರು ಆ ಕಾಲದಲ್ಲಿ ನನ್ನನ್ನು ನಿಷ್ಪಕ್ಷಪಾತಿಯೆಂದು ನಂಬಿದ್ದರು. ಈಜು ಬಾರದವನಿಗೆ ಹೊಳೆಯ ಆಳ ಕೇಳಿದ ಹಾಗೆ.

ಒಬ್ಬರು ಹುಬ್ಬಳ್ಳಿ ಕೇಶ್ವಾಪುರದ ಹತ್ತಿ ವ್ಯಾಪಾರಿ ಚನ್ನಬಸಪ್ಪನವರು. ಯಾವುದೋ ಸಂಸ್ಥಾನಿಕರ ಮನೆಯಿಂದ ಕೊಂಡು ತಂದ ಅಮೆರಿಕದ ತೆರೆದ ಕಾರು ಅವರದು. ಅದರ ಮೂಗು ಓಣಿಯ ತಿರುವು ಮುಟ್ಟಿದ ಮೇಲೆ ಬಾಲ ಮನೆ ಬಿಡುತ್ತಿತ್ತು. ಇನ್ನೊಬ್ಬರು ಧಾರವಾಡದ ಡಾಕ್ಟರ್ ಸಂಗಪ್ಪನವರು. ಪೋರ್ತುಗೀಜರು ಗೋವೆ ಬಿಡುವಾಗ ಮಾರಿಹೋದ ಇಟಲಿಯ ಕೆಂಪು ಕಾರನ್ನು ತಂದಿದ್ದರು. ಎರಡೇ ಸೀಟು. ಅದರಲ್ಲಿ ಕೂರುವುದೆಂದರೆ ಬಿಗಿ ಅಂಗಿ ತೊಟ್ಟ ಹಾಗೆ. ಯಾವುದು ಮೇಲೆಂದು ಕೇಳಿದಾಗ, ಸಂಗೀತದ ಮಾತಿನಲ್ಲಿ ಅಮೆರಿಕದ್ದು ನಿಧಾನ ಬಿಚ್ಚುವ ವಿಲಂಬಿತ ಖ್ಯಾಲು, ಇಟಲಿಯದು ಮಿಂಚಿ ಹೋಗುವ ದ್ರುತ ತಾನ್ ಎಂದು ಹೇಳಿ ಜಾಣನಾದೆನೆಂದುಕೊಂಡೆ. ಇಬ್ಬರೂ ಮುನಿಸಿಕೊಂಡರು.

ಹೀಗಿರುವಾಗ ಚನ್ನಬಸಪ್ಪನವರ ಮಗಳು ನೀಲಾಳನ್ನು ಡಾಕ್ಟರ ಮಗ ಮಹಾಂತೇಶನಿಗೆ ತರುವ ಮಾತು ಬಂತು. ಹುಡುಗ, ಹುಡುಗಿ ಇಬ್ಬರೂ ಬಂಗಾರದಂಥವರು. ನಡುವಿನ ಮನುಷ್ಯ ನಾನೇ. ಹೆಣ್ಣು ನೋಡುವ ದಿನ ಉಪ್ಪಿಟ್ಟು ಮುಗಿದು ಚಹಾ ಬರುವ ತನಕ ಎಲ್ಲವೂ ಸುಸೂತ್ರವಾಗಿತ್ತು. ಆಗ ಚನ್ನಬಸಪ್ಪನವರ ಕಣ್ಣು ಕಿಟಕಿಯಾಚೆ ನಿಂತ ಕೆಂಪು ಕಾರಿನ ಮೇಲೆ ಬಿತ್ತು.

'ಡಾಕ್ಟರ, ನಿಮ್ಮ ಗಾಡ್ಯಾಗ ಮಗ ಸೊಸಿ ಕುಂತ್ರ, ಬೀಗರು ಎಲ್ಲಿ ಕೂಡಬೇಕ್ರಿ?'

'ಬೀಗರು ತಮ್ಮ ಹಡಗಿನ್ಯಾಗ ಹಿಂದಿಂದ ಬರಲಿ. ಬಂದು ಮುಟ್ಟೂದ್ರಾಗ ಮದುವಿ ಅಕ್ಕಿಕಾಳು ಬಿದ್ದಿರತಾವ.'

ನೀಲಾಳ ತಾಯಿ ಗಂಗಕ್ಕನ ಕೈಯಲ್ಲಿನ ಚಹಾದ ತಾಟು ಅಲ್ಲೇ ನಿಂತಿತು. ಸಂಬಂಧ ಮುರಿಯಿತೆಂದೇ ನಾನು ಬಗೆದೆ. ಯಾರ ಗಾಡಿ ಮೇಲೆಂದು ಊರಾಚೆಯ ಶಿರಗುಪ್ಪಿಯವರೆಗೆ ಓಡಿಸಿ ನೋಡೇಬಿಡೋಣ ಎಂದು ಇಬ್ಬರೂ ಎದ್ದರು. ಸಾಕ್ಷಿಗೆಂದು ನನ್ನನ್ನು ಅಮೆರಿಕದೊಳಗೆ ಹಾಕಿಕೊಂಡರು.

ಹಿಂದಿನ ದಿನ ಮಳೆಯಾಗಿತ್ತು. ಶಿರಗುಪ್ಪಿ ಹತ್ತಿರವಾದಾಗ ಎದುರಿಗೆ ಬಂದ ಎತ್ತಿನ ಚಕ್ಕಡಿಗೆ ದಾರಿ ಬಿಡಲು ಹೋಗಿ ಎರಡೂ ಕಾರು ಪಕ್ಕದ ಎರೆಹೊಲಕ್ಕಿಳಿದವು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಮೆರಿಕ ಹೂತಿತು, ಇಟಲಿ ಹೊಟ್ಟೆಯೂರಿ ಕೂತಿತು. ಹೊಲದಲ್ಲಿದ್ದವರು ಬಂದು ಇಟಲಿಯನ್ನು ಪಲ್ಲಕ್ಕಿಯಂತೆ ಎತ್ತಿ ರಸ್ತೆಗಿಟ್ಟರು. ಇಟ್ಟರೇನು, ನೀರು ಹೊಕ್ಕ ಎಂಜಿನ್ ಉಸಿರೆತ್ತಲಿಲ್ಲ. ಅಮೆರಿಕದ ಎಂಜಿನ್ ಗುಡುಗುತ್ತಿತ್ತು, ಗಾಲಿ ಮಾತ್ರ ಕದಲಲಿಲ್ಲ. ಡಾಕ್ಟರು ಕೋಟು ಕಳಚಿ ನನಗೆ ಕೊಟ್ಟು, ಎಲ್ಲರ ಜೊತೆ ಹಿಂದಿನಿಂದ ಹೆಗಲು ಕೊಟ್ಟರು. ಗಾಡಿ ಮೇಲೆ ಬಂದಾಗ ಅವರ ಬಿಳಿ ಧೋತರದ ಬಣ್ಣ ಹೇಳುವಂತಿರಲಿಲ್ಲ. ಚನ್ನಬಸಪ್ಪನವರು ರಸ್ತೆಯ ಕೆಸರಿಗಿಳಿದು, ತಾವೇ ಇಟಲಿಗೆ ಹಗ್ಗ ಬಿಗಿದರು.

'ಮುಂದ ಬರ್ರಿ ಡಾಕ್ಟರ, ನನ್ನ ಬಾಜೂಕ ಕೂಡ್ರಿ,' ಎಂದರು.

ಕೆಂಪು ಕಾರಿನ ಸ್ಟೀರಿಂಗ್ ಚಕ್ರ ಹಿಡಿಯುವ ಭಾಗ್ಯ ನನ್ನದಾಯಿತು. ಎಳೆಸಿಕೊಂಡು ಬರುವ ಕಾರಿಗೆ ವಿದ್ಯೆ ಬೇಡವಂತೆ. ಪ್ರಾಣ ಅಂಗೈಯಲ್ಲಿ ಹಿಡಿದು ಮುಂದೆ ನೋಡಿದೆ. ಎರಡು ತಲೆಗಳ ನಡುವೆ ಮೊದಲು ಎಮ್ಮೆ ತೂರುವಷ್ಟು ಜಾಗವಿತ್ತು. ಹುಬ್ಬಳ್ಳಿಯ ಹತ್ತಿರ ಬರುವಷ್ಟರಲ್ಲಿ ಎರಡೂ ಒಂದರ ಕಡೆಗೊಂದು ವಾಲಿ, ನಗೆಗೆ ಕುಲುಕುತ್ತಿದ್ದವು.

ಮನೆ ಮುಟ್ಟಿದಾಗ ನೀಲಾ ಮತ್ತು ಮಹಾಂತೇಶ ಪಡಸಾಲೆಯಲ್ಲಿ ಹಳೆಯ ಪರಿಚಯದವರಂತೆ ಮಾತಾಡುತ್ತಿದ್ದರು. ಗಂಗಕ್ಕ ಹೊಸ್ತಿಲಲ್ಲೇ ನಮ್ಮನ್ನು ತಡೆದರು.

'ನೀವು ಹೋದದ್ದು ಛಲೋ ಆತ್ರಿ. ಇಬ್ಬರೂ ಸಮಾಧಾನದಿಂದ ಮಾತಾಡಿ ಒಪ್ಪ್ಯಾರ. ಬೀಗರು ಮೊದಲ ಕಾಲು ತೊಳ್ಕೊಂಡು ಒಳಗ ಬರ್ರಿ.'

ಕಾರು ಕೂಡಿಡುವ ಹವ್ಯಾಸದ ಹುಡುಗರು ಈಗಲೂ ನನ್ನನ್ನು ಕೇಳುವುದುಂಟು, ಅಮೆರಿಕದ್ದು ಮೇಲೋ, ಇಟಲಿಯದೋ ಎಂದು. ಹಿರಿಯರನ್ನು ಬೇಕಾದ ಹೊತ್ತಿಗೆ ಮನೆಯಿಂದಾಚೆ ಒಯ್ಯಲು ಎರಡೂ ಉತ್ತಮವೆಂದು ಹೇಳುತ್ತೇನೆ.