ಕಳೆದುಹೋದ ದಾಸನನ್ನು ಹುಡುಕಿಕೊಡುವ ಅಬ್ಲಾ

ಬೆಳಗಿನ ನಮಾಜಿಗೆ ಹೋದವರು ಇನ್ನೂ ಮನೆ ಸೇರಿಲ್ಲ. ಝಗಾಝಿಗ್ ಊರಿನ ಕಾಲೇಜುಗಳ ಹಿಂದಿನ ಗಲ್ಲಿಯಲ್ಲಿ, ಬಸ್ಯೂನಿಯ ಬೈಂಡಿಂಗ್ ಅಂಗಡಿಯ ಒಳಮೂಲೆಯಲ್ಲಿ, ಇನ್ಶಿರಾಹ್ ಚಹಾದ ಲೋಟವನ್ನು ಹಾಳೆಗಳಿಂದ ದೂರ ಸರಿಸಿ ಕೂತಿದ್ದಾರೆ. ಕೈಯಲ್ಲಿ ಪೆನ್ಸಿಲ್. ಕೆಂಪು ಶಾಯಿ ಕಂಡರೆ ಹುಡುಗರ ಮುಖ ಬಾಡುತ್ತದೆ ಎಂದು ಅದನ್ನು ಎಂದೋ ಬಿಟ್ಟಿದ್ದಾರೆ.

ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದವರು ಇವರು, ಹಾಗಾಗಿ ಈಗಲೂ ಎಲ್ಲರಿಗೂ 'ಅಬ್ಲಾ', ಅಂದರೆ ಟೀಚರಮ್ಮ. ಗಂಡ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಬೇರೆಯವರ ಸಂಶೋಧನಾ ಪ್ರಬಂಧ ತಿದ್ದತೊಡಗಿದರು. ಅವರು ತೀರಿಕೊಂಡರು, ತಿದ್ದುವ ಕೆಲಸ ಉಳಿಯಿತು. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದು ಸರದಿ ಕಾಯುತ್ತಿದೆ. ಜೇನುಸಾಕಣೆಯಿಂದ ವಿಚ್ಛೇದನದ ಕಾನೂನಿನವರೆಗೆ ಇವರು ಓದದ ವಿಷಯವಿಲ್ಲ. ಕೃತಜ್ಞತೆಯ ಪುಟದಲ್ಲಿ ತಾಯಿ, ಗುರು, ಚಿಕ್ಕಪ್ಪ, ಒಮ್ಮೊಮ್ಮೆ ಬೆಕ್ಕು ಕೂಡ ಬರುತ್ತದೆ. ಇವರ ಹೆಸರು ಬರುವುದಿಲ್ಲ. "ಆ ಪುಟಾನೂ ನಾನೇ ತಿದ್ದೋದು," ಎಂದು ನಗುತ್ತಾರೆ.

ಇವತ್ತು ಎದುರಿಗೆ ನಿಂತಿರುವವನು ಶಾಜ್ಲಿ. ಕಾಲುವೆ ನೀರಿನ ಹಂಚಿಕೆಯ ಮೇಲೆ ಬರೆದಿದ್ದಾನೆ. ಪ್ರತಿಗಳಿಗೆ ರಟ್ಟು ಕಟ್ಟಿ ಆಗಿದೆ. ಮಧ್ಯಾಹ್ನದೊಳಗೆ ಕಚೇರಿಗೆ ಒಪ್ಪಿಸದಿದ್ದರೆ ಮೌಖಿಕ ಪರೀಕ್ಷೆ ಬೇಸಿಗೆಯಾಚೆಗೆ ಹೋಗುತ್ತದೆ, ಅವನಿಗೆಂದು ಹಿಡಿದಿಟ್ಟ ಉಪನ್ಯಾಸಕನ ಕೆಲಸ ಇನ್ನೊಬ್ಬನ ಪಾಲಾಗುತ್ತದೆ.

"ನಾನು ತಿದ್ದಿದ ಮೇಲೆ ಇದನ್ನ ಯಾರು ಮುಟ್ಟಿದಾರೋ?" ಎಂದು ಇನ್ಶಿರಾಹ್ ಕೇಳುತ್ತಾರೆ.

"ಯಾರೂ ಇಲ್ಲ ಅಬ್ಲಾ. ಉಲ್ಲೇಖಗಳನ್ನ ಕಂಪ್ಯೂಟರ್‌ಗೆ ಜೋಡಿಸೋಕೆ ಬಿಟ್ಟೆ, ಅಷ್ಟೇ."

"ಅಷ್ಟೇನಾ? ಈ ಸಾಲು ಜೋರಾಗಿ ಓದಪ್ಪ."

ಶಾಜ್ಲಿ ಓದುತ್ತಾನೆ: "ಕಾಲುವೆಯ ಕೊನೆಯಲ್ಲಿರುವ ರೈತರ ಪಾಡು ಅಲ್-ಅಲೀಮ್ ಅವರಿಗೆ ತಿಳಿದಿರಲಿಲ್ಲ."

"ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸು!" ಎಂದು ಬಸ್ಯೂನಿ ಅಂಟಿನ ಕುಂಚ ಕೆಳಗಿಡುತ್ತಾನೆ.

ಶಾಜ್ಲಿ ಉಲ್ಲೇಖಿಸಿರುವ ಲೇಖಕರ ಹೆಸರು ಅಬ್ದ್ ಅಲ್-ಅಲೀಮ್, ಅಂದರೆ ಎಲ್ಲ ಬಲ್ಲವನ ದಾಸ. ಪರದೇಶದಲ್ಲಿ ಹುಟ್ಟಿದ ಯಂತ್ರ ಹೆಸರಿನ ಕೊನೆಯ ತುಂಡನ್ನಷ್ಟೇ ಎತ್ತಿಕೊಂಡು ದಾಸನನ್ನು ಬಿಟ್ಟಿದೆ. ಉಳಿದವನು ಅಲ್-ಅಲೀಮ್, ಎಲ್ಲ ಬಲ್ಲ ದೇವರು. ಶಾಜ್ಲಿಯ ಪ್ರಬಂಧದುದ್ದಕ್ಕೂ ಈಗ ತಪ್ಪು ಮಾಡುತ್ತಿರುವವನು ಆ ದೇವರೇ.

"ಯಾರು ಓದ್ತಾರೆ ಅಬ್ಲಾ? ಕಚೇರೀಲಿ ತೂಕ ನೋಡಿ ತಗೊಳ್ತಾರೆ."

"ನಾನು ಓದಿದೆನಲ್ಲೋ! ನಾನೇನು ಮನುಷ್ಯಳಲ್ವಾ?"

ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಸಂಜೆಯಾಗುತ್ತದೆ ಎಂದು ಬಸ್ಯೂನಿ ಕೈಚೆಲ್ಲುತ್ತಾನೆ. ಇನ್ಶಿರಾಹ್ ಪೆನ್ಸಿಲ್ ಬಿಟ್ಟು ಸಣ್ಣ ಮೊನೆಯ ಕಪ್ಪು ಪೆನ್ನು ತೆಗೆಯುತ್ತಾರೆ. ಶಾಜ್ಲಿ ಪ್ರತಿ ಸಾಲನ್ನೂ ಓದಬೇಕು. ಇವರು ಪದಗಳ ನಡುವಿನ ಚೂರು ಜಾಗದಲ್ಲಿ, ಅಚ್ಚಿನಂಥ ಅಕ್ಷರದಲ್ಲಿ, ದಾಸನನ್ನು ಕೂರಿಸಬೇಕು. ಮೊದಮೊದಲು ಅವನದು ಗಡಿಬಿಡಿಯ ಓದು, ಕಣ್ಣೆಲ್ಲ ಗಡಿಯಾರದ ಮೇಲೆ. ಬರಬರುತ್ತ ದನಿ ನಿಧಾನವಾಗುತ್ತದೆ. ಕೊನೆಯ ಪ್ರತಿಯಲ್ಲಿ ಅದೇ ಸಾಲು ಬಂದಾಗ ನಿಂತೇಬಿಡುತ್ತಾನೆ.

"ಅಬ್ಲಾ, ಅವರಿಗೆ ತಿಳಿದಿರಲಿಲ್ಲ ಅಂತ ನನಗೆ ಹೇಗೆ ಗೊತ್ತು? ಅವರು ಬರೆದಿಲ್ಲ, ಅಷ್ಟೇ ಅಲ್ವಾ ನಾನು ಕಂಡಿರೋದು?"

ಇನ್ಶಿರಾಹ್ ಪೆನ್ನನ್ನು ಅವನ ಕೈಗೆ ಕೊಡುತ್ತಾರೆ. ಎಲ್ಲ ಪ್ರತಿಗಳಲ್ಲೂ 'ಅವರಿಗೆ ತಿಳಿದಿರಲಿಲ್ಲ' ಹೊಡೆದು ಅವನೇ 'ಅವರು ಬರೆದಿಲ್ಲ' ಎಂದು ಬರೆಯುತ್ತಾನೆ, ಸೊಟ್ಟ ಅಕ್ಷರದಲ್ಲಿ. ಆಮೇಲೆ ಹೊರೆಯನ್ನು ಎದೆಗವಚಿಕೊಂಡು ಓಡುತ್ತಾನೆ.

ಮಧ್ಯಾಹ್ನದ ಬಾಂಗ್ ಕೂಗುವ ಮೊದಲೇ ಶಾಜ್ಲಿಯ ಫೋನ್ ಬರುತ್ತದೆ. ಕಚೇರಿಯವರು ತೆಗೆದುಕೊಂಡಿದ್ದಾರೆ. ಇನ್ಶಿರಾಹ್‌ಗೆ ಆದ ಖುಷಿ ಅಡಗಿಸಿದರೂ ಅಡಗುವಂಥದ್ದಲ್ಲ.

"ಆ ಸಾಲನ್ನ ನಾನೂ ಎರಡು ಸಲ ಓದಿದ್ದೆ ಬಸ್ಯೂನಿ, 'ಬರೆದಿಲ್ಲ' ಅನ್ನೋದು ನನಗೇ ಹೊಳೀಲಿಲ್ಲ," ಎನ್ನುತ್ತಾರೆ. "ಎಲ್ಲ ಹುಡುಗರೂ ಹೀಗೆ ತಮ್ಮ ಮಾತನ್ನ ತಾವೇ ಕೇಳಿಸಿಕೊಳ್ಳೋಕೆ ಶುರು ಮಾಡಿದ್ರೆ ನನ್ನ ಅನ್ನಕ್ಕೆ ಕಲ್ಲು ಬೀಳೋದು ಖಂಡಿತ. ಬೀಳಲಿ ಬಿಡು."