ಪುಕ್ಕಕ್ಕೆ ಮೈಲಿಗೆ ಇಲ್ಲ

ಚಳಿಗಾಲ ಬಂತೆಂದರೆ ಅವರ ಮೂಗಿನ ತುದಿಯಲ್ಲಿ ಒಂದು ಹನಿ ನೀರು ನೇತಾಡುತ್ತಿತ್ತು. ಮೂಗುಬೊಟ್ಟಿನ ಪಕ್ಕದಲ್ಲಿ ಅದೂ ಒಂದು ಹರಳಿನಂತೆ ಹೊಳೆಯುತ್ತಿತ್ತು. ಮಡಿಯಲ್ಲಿರುವಾಗ ಮೂಗು ಒರೆಸಿದರೆ ಕೈ ತೊಳೆಯಬೇಕು, ತೊಳೆಯೋಣವೆಂದರೆ ನೀರು ಕೊರೆಯುತ್ತದೆ. ಹಾಗಾಗಿ ಹನಿ ತಾನಾಗಿ ಬೀಳುವವರೆಗೂ ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಅವರು ಮಾತಾಡುವಾಗ ನನ್ನ ಕಣ್ಣೆಲ್ಲ ಆ ಹನಿಯ ಮೇಲೆಯೇ. ನಮ್ಮ ಮನೆಯ ಓನರ್ ಅಜ್ಜಿ ಅವರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಶ್ರೀನಗರದ ವಠಾರ ಬಿಟ್ಟು ಜೆ.ಪಿ. ನಗರಕ್ಕೆ ಬಂದೆವು. ಆಗ ಅದು ಹೆಸರಿಗೆ ಮಾತ್ರ ನಗರ. ಎರಡು ಮನೆ, ನಾಲ್ಕು ಖಾಲಿ ಸೈಟು, ಆಚೆಗೆ ರಾಗಿ ಹೊಲ. ಸಂಜೆಯಾದರೆ ಸಾರಕ್ಕಿ ಕೆರೆಯ ಕಡೆಯಿಂದ ಗಾಳಿ ಬೀಸಿ ಹಲ್ಲು ಕಟಕಟ ಅನ್ನುತ್ತಿತ್ತು. ಓನರ್ ಮನೆಯ ಹಿಂದುಗಡೆಯ ಎರಡು ರೂಮು ನಮ್ಮದು. ಅಪ್ಪ, ಅಮ್ಮ, ನಾನು, ಜೊತೆಗೆ ನನ್ನ ಎರಡು ಕೋಳಿ: ಕೆಂಪಿ ಮತ್ತು ಚುಕ್ಕಿ. ಮರಿಯಿದ್ದಾಗಿನಿಂದ ನನ್ನ ಅಂಗೈಯಲ್ಲೇ ಕಾಳು ತಿಂದು ಬೆಳೆದವು. ಕೆಂಪಿ ಮಹಾ ರೌಡಿ. ಚುಕ್ಕಿ ಪಾಪದ್ದು.

ಅಜ್ಜಿ ಮೊದಲ ದಿನವೇ ಹಿತ್ತಲಿಗೆ ಬಂದು ಷರತ್ತು ಹೇಳಿದರು. “ನೋಡೀಮ್ಮಾ, ಮಾಂಸ ಗೀಂಸ ಇಲ್ಲಿ ಬೇಯಿಸೋ ಹಾಗಿಲ್ಲ. ಆ ಪಕ್ಷಿಗಳು ಹಿತ್ತಲಲ್ಲಿ ಇರಲಿ, ಪಾಪ. ಆದ್ರೆ ನನ್ನ ಬಚ್ಚಲ ಕಡೆ ಸುಳೀಬಾರದು. ನೀವೂ ಅಷ್ಟೇ.” ಕೋಳಿ ಎಂಬ ಶಬ್ದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಆಡಿದರೆ ನಾಲಿಗೆ ತೊಳೆಯಬೇಕಾದೀತು ಅಂತಲೋ ಏನೋ.

ಆ ಬಚ್ಚಲುಮನೆ ಹಿತ್ತಲಿನಲ್ಲಿ ಬೇರೆಯಾಗಿಯೇ ಇತ್ತು. ಒಳಗೆ ಸೌದೆ ಒಲೆ, ಅದರ ಮೇಲೆ ತಾಮ್ರದ ಹಂಡೆ, ಮೇಲುಗಡೆ ಮಡಿಬಟ್ಟೆ ಒಣಹಾಕುವ ಗಳು. ಬೆಳಿಗ್ಗೆ ಅಜ್ಜಿ ದೇವರನಾಮ ಹೇಳುತ್ತಲೇ ಊದುಗೊಳವೆಯಲ್ಲಿ ಒಲೆ ಊದುತ್ತಿದ್ದರು. ಒಂದು ಸಾಲು ಹಾಡು, ಒಂದು ಉಸಿರು ಊದು, ಒಂದು ಕೆಮ್ಮು. ಏನು ಮಾಡಿದರೂ ಅದಕ್ಕೊಂದು ಶಾಸ್ತ್ರ ಹೇಳುವುದು ಅವರ ಚಾಳಿ. ಸೌತೆಕಾಯಿಯ ತುದಿ ಕತ್ತರಿಸಿ ತಿಕ್ಕುವುದಕ್ಕೂ ಶಾಸ್ತ್ರ, ಮಧ್ಯಾಹ್ನ ಮಲಗುವುದಕ್ಕೂ ಶಾಸ್ತ್ರ. ರಿಟೈರಾಗಿದ್ದ ಅವರ ಯಜಮಾನರು ಪೇಪರಿನಿಂದ ತಲೆಯೆತ್ತಿ, “ಅದು ಯಾವ ಶಾಸ್ತ್ರದಲ್ಲಿದೆಯೇ?” ಎಂದರೆ, “ನನ್ನ ಶಾಸ್ತ್ರದಲ್ಲಿದೆ. ನೀವು ಪೇಪರ್ ಓದ್ಕೊಳಿ” ಎನ್ನುತ್ತಿದ್ದರು. ಯಜಮಾನರು ಓದಿಕೊಳ್ಳುತ್ತಿದ್ದರು.

ಮಾಗಿಯ ಚಳಿ ಏರಿತು. ಶ್ರೀನಗರದಲ್ಲಿ ಮೆಟ್ಟಿಲ ಕೆಳಗೆ ಬೆಚ್ಚಗೆ ಮಲಗುತ್ತಿದ್ದ ಕೋಳಿಗಳಿಗೆ ಇಲ್ಲಿ ಕವುಚಿ ಹಾಕಿದ ಬಿದಿರು ಮಂಕರಿಯ ಮೇಲೆ ಗೋಣಿಚೀಲ ಹೊದಿಸಿದರೂ ಸಾಲುತ್ತಿರಲಿಲ್ಲ. ಮಂಜಿಗೆ ಚೀಲವೇ ತೊಯ್ದು ತೊಪ್ಪೆಯಾಗುತ್ತಿತ್ತು. ಚುಕ್ಕಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ಮೂಲೆ ಹಿಡಿಯಿತು. ಕಾಳು ಮುಟ್ಟಲಿಲ್ಲ. ಅಪ್ಪ ನೋಡಿದವರೇ ಅಮ್ಮನಿಗೆ ಹೇಳಿದರು: “ಇದು ಉಳಿಯಲ್ಲ ಕಣೇ. ಇನ್ನೊಂದೂ ಇದೇ ದಾರಿ ಹಿಡಿಯುತ್ತೆ. ಭಾನುವಾರ ಎರಡನ್ನೂ ಶ್ರೀನಗರಕ್ಕೆ ತಗೊಂಡ್ ಹೋಗ್ತೀನಿ.” ಶ್ರೀನಗರದಲ್ಲಿ ನಮ್ಮತ್ತೆ ಇದ್ದರು. ಅತ್ತೆ ಮಾಡುವ ಕೋಳಿಸಾರು ಇಡೀ ವಠಾರದಲ್ಲಿ ಫೇಮಸ್ಸು. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವತ್ತು ನಾನು ಅನ್ನ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಮಂಕರಿ ಎತ್ತಿದ್ದೇ ತಡ, ಕೆಂಪಿ ಮಾಯ. ಹುಡುಕುತ್ತಿರುವಾಗಲೇ ಬಚ್ಚಲುಮನೆಯಿಂದ “ರಾಮ ರಾಮಾ!” ಎಂಬ ಕೂಗು. ಓಡಿದೆ. ಹೊಸ್ತಿಲ ಹತ್ತಿರ ಕಾಲು ತಾನಾಗಿ ನಿಂತುಬಿಟ್ಟಿತು. ಒಳಗೆ ನೋಡಿದರೆ, ಒಲೆಯ ಕಟ್ಟೆಯಿಂದ ಹಂಡೆಯ ಮುಚ್ಚಳಕ್ಕೆ, ಅಲ್ಲಿಂದ ಗಳುವಿಗೆ ಹಾರಿ, ಅಜ್ಜಿ ಪೂಜೆಗೆ ಉಡುವ ಧಾಬಳಿಯ ಮೇಲೆ ನಮ್ಮ ಕೆಂಪಿ ಕಣ್ಣು ಅರೆಮುಚ್ಚಿ ಕಾವಿಗೆ ಕೂತಂತೆ ಕೂತಿತ್ತು. ಧಾಬಳಿ ಅಂದರೆ ಉಣ್ಣೆಯ ಮಡಿವಸ್ತ್ರ. ಮುಗಿಯಿತು ಕಥೆ ಅಂದುಕೊಂಡೆ. ನನ್ನ ಹಿಂದೆಯೇ ಓಡಿಬಂದ ಅಮ್ಮನ ಮುಖ ಬಿಳಿಚಿಕೊಂಡಿತ್ತು.

“ತಪ್ಪಾಯ್ತು ಅಮ್ಮಾವ್ರೇ. ನಾಳೆನೇ ಸಾಗಿಸಿಬಿಡ್ತೀವಿ.”

“ಎಲ್ಲಿಗೆ?” ಎಂದರು ಅಜ್ಜಿ.

ಅಮ್ಮ ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ. “ಸಾರಿಗೆ!” ಎಂದು ಗೊಳೋ ಅಂತ ಅಳತೊಡಗಿದೆ.

ಅಜ್ಜಿ ಗಳುವನ್ನು ನೋಡಿದರು, ನನ್ನನ್ನು ನೋಡಿದರು. ಮೂಗಿನ ಹನಿ ಬಿತ್ತು. “ತಡಿ, ತಡಿ. ಅದು ಕೂತಿರೋದು ಧಾಬಳಿ ಮೇಲೆ. ಉಣ್ಣೆಗೆ ಮೈಲಿಗೆ ತಟ್ಟಲ್ಲ, ಶಾಸ್ತ್ರ ಇದೆ. ಕುರಿ ಮೈ ಮೇಲಿನ ಉಣ್ಣೆಗೇ ಮೈಲಿಗೆ ಇಲ್ಲ ಅಂದ್ಮೇಲೆ, ಪಕ್ಷಿ ಮೈ ಮೇಲಿನ ಪುಕ್ಕಕ್ಕೆ ಎಲ್ಲಿಂದ ಬರುತ್ತೆ? ಅದು ದೇವರೇ ಉಡಿಸಿ ಕಳಿಸಿದ ಧಾಬಳಿ. ಇರ್ಲಿ ಬಿಡಿ, ಚಳಿ ಪಾಪ.”

ಅಮ್ಮ ಉಸಿರು ಬಿಟ್ಟರು. ಅಷ್ಟಕ್ಕೆ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಅಳುತ್ತಲೇ ಕೇಳಿದೆ: “ಹಂಗಾದ್ರೆ ನನಗೂ ಪುಕ್ಕ ಇದ್ದಿದ್ರೆ ಒಳಗ್ ಬರಬೋದಿತ್ತಾ ಅಜ್ಜಿ?”

ಅಮ್ಮ ನನ್ನ ರಟ್ಟೆ ಜಿಗುಟಿದ ರಭಸಕ್ಕೆ ಅಳು ನಿಂತೇಹೋಯಿತು. ಅಜ್ಜಿ ನಿಧಾನಕ್ಕೆ ಬಾಗಿಲು ಮುಂದೆ ಮಾಡಿಕೊಂಡರು.

ಆ ಮಧ್ಯಾಹ್ನ “ಸಾಮಾನು ಪೂರ್ತಿ ಬಿಚ್ಚದೇ ಇದ್ದಿದ್ದು ಒಳ್ಳೇದೇ ಆಯ್ತು. ಇನ್ನೊಂದ್ ಮನೆ ಹುಡುಕ್ಕೊಳ್ಳಿ” ಎಂದು ಅಮ್ಮ ಅಪ್ಪನಿಗೆ ಹೇಳುವುದು ಕೇಳಿಸಿತು. ನಾನು ಚುಕ್ಕಿಯನ್ನು ಲಂಗದೊಳಗೆ ಸುತ್ತಿಕೊಂಡು ಕೂತಿದ್ದೆ. ಅದರ ಎದೆ ಪುಕಪುಕ ಹೊಡೆದುಕೊಳ್ಳುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬಚ್ಚಲುಮನೆಯ ಕಡೆಯಿಂದ ಅಜ್ಜಿಯ ದನಿ. “ಏ ಹುಡುಗೀ, ಆ ಸೀಕು ಕೋಳೀನ ತಗೊಂಡ್ ಬಾ ಇಲ್ಲಿ.”

ಕೋಳಿ! ಅಜ್ಜಿ ಬಾಯಲ್ಲಿ! ಚುಕ್ಕಿಯನ್ನು ಎತ್ತಿಕೊಂಡು ಹೋದೆ. ಹೊಸ್ತಿಲ ಹತ್ತಿರ ನಿಂತು ಕೈ ಮುಂದೆ ಚಾಚಿದೆ.

“ನಾನ್ಯಾಕೆ ಹಿಡೀಲಿ ಅದನ್ನ? ನೀನೇ ತಂದು ಬಿಡು.”

ನಾನು ಅಲ್ಲಾಡಲಿಲ್ಲ.

“ಒಳಗ್ ಬಾರೇ. ಪುಕ್ಕ ಇಲ್ದಿದ್ರೂ ಪರವಾಗಿಲ್ಲ, ಬಾ” ಎಂದರು.

ಹೋದೆ. ಒಳಗೆ ಅದೆಷ್ಟು ಬೆಚ್ಚಗಿತ್ತು! ಒಲೆಯ ಮಗ್ಗುಲಲ್ಲಿ ಬೂದಿ ಹರವಿ, ಅದರ ಮೇಲೆ ಆ ಧಾಬಳಿಯನ್ನೇ ಮಡಿಸಿ ಹಾಸಿದ್ದರು. ಕೆಂಪಿ ಆಗಲೇ ಮಹಾರಾಣಿಯ ಹಾಗೆ ಅಲ್ಲಿ ಕೂತಿತ್ತು. ಚುಕ್ಕಿಯನ್ನು ಅದರ ಪಕ್ಕಕ್ಕೆ ಬಿಟ್ಟೆ. “ಏನೇ ಇದು ಹೊಸ ಶಾಸ್ತ್ರ?” ಎಂದು ಯಜಮಾನರು ಹಿತ್ತಲ ಬಾಗಿಲಿನಿಂದ ಕೇಳಿದರು. “ಹಳೇದೇ. ನನಗೆ ಇವತ್ತು ಜ್ಞಾಪಕ ಬಂತು” ಎಂದರು ಅಜ್ಜಿ.

ಭಾನುವಾರ ಅಪ್ಪ ಶ್ರೀನಗರಕ್ಕೆ ಬರಿಗೈಯಲ್ಲಿ ಹೋಗಿ ಬಂದರು. ಒಂದೆರಡು ದಿನದಲ್ಲಿ ಚುಕ್ಕಿ ಕಣ್ಣು ಬಿಟ್ಟು, ನನ್ನ ಅಂಗೈಯಿಂದ ರಾಗಿ ಕುಕ್ಕಿತು. ಎದೆಯ ಮೇಲಿನ ಕಲ್ಲು ಇಳಿಯಿತು. ಖುಷಿಗೆ ನಾನು ಹಿತ್ತಲ ತುಂಬ ಕುಣಿದೆ. ಸಂಕ್ರಾಂತಿ ಕಳೆದ ಮೇಲೆ ಅದು ಧಾಬಳಿಯ ಮೇಲೆಯೇ ಒಂದು ಮೊಟ್ಟೆ ಇಟ್ಟಿತು. “ಬಾರೇ, ಬೇಗ ಬಾ! ಅದನ್ನ ಎತ್ಕೊಂಡ್ ಹೋಗು, ಅದಕ್ಕೆ ಪುಕ್ಕ ಇಲ್ಲ!” ಎಂದು ಅಜ್ಜಿ ಮೂಲೆಯಿಂದ ಕಿರುಚಿದರು. ಒಂದೇ ಏಟಿಗೆ ಅಷ್ಟೂ ಬದಲಾದವರಲ್ಲ ಅವರು. ಅಮ್ಮನನ್ನು ಅಡುಗೆಮನೆಯ ಒಳಕ್ಕೆ ಕರೆಯಲು ಇನ್ನೂ ಒಂದೆರಡು ಗೌರಿಹಬ್ಬ ಕಳೆಯಬೇಕಾಯಿತು. ಆದರೆ ಕರೆದರು.

ಬೇಸಿಗೆಗೆ ಧಾಬಳಿ ಒಗೆದು, ಕೊಡವಿ, ಮತ್ತೆ ಪೂಜೆಗೆ ಉಡತೊಡಗಿದರು. ಕೆಂಪಿ ಕುಕ್ಕಿದ ತೂತುಗಳು ಅದರ ತುಂಬ. ಬಂದವರು ಕೇಳಿದರೆ, “ನುಸಿ ಹಿಡೀತು ಕಣ್ರೀ” ಎಂದು ನನ್ನ ಕಡೆ ನೋಡುತ್ತಿದ್ದರು.

ಆಮೇಲೆ ನಾವು ಬನಶಂಕರಿಗೆ ಹೋದೆವು, ಕೋಳಿಗಳು ತಮ್ಮ ಕಾಲ ಮುಗಿಸಿಕೊಂಡು ಹೋದವು, ನಾನು ಕಾಲೇಜು ಸೇರಿದೆ. ಒಂದು ಮಾಗಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಹಾಲ್ ತುಂಬ ಗುರುತಿಲ್ಲದ ನೆಂಟರು. “ಯಾರಮ್ಮ ನೀವು? ಯಾರು ಬೇಕಾಗಿತ್ತು?” ಎಂದು ಒಬ್ಬರು ಮೇಲಿಂದ ಕೆಳಗೆ ನೋಡಿ ಕೇಳಿದರು. ಏನು ಹೇಳಬೇಕೋ ತಿಳಿಯದೆ ಹೊಸ್ತಿಲಲ್ಲೇ ನಿಂತೆ. ಹಿಂದಿನ ಮನೆಯ ಬಾಡಿಗೆಯವರ ಮಗಳು ಎಂದು ತಡವರಿಸಿದೆ.

ಒಳಗಿನ ರೂಮಿನಿಂದ ಸಣ್ಣ ದನಿ ಬಂತು. “ಯಾರದು, ಪುಕ್ಕ ಇಲ್ಲದ ಕೋಳೀನಾ? ಅಲ್ಯಾಕೆ ನಿಂತಿದೀಯೇ, ಒಳಗ್ ಬಾ!”

ನೆಂಟರು ಮುಖ ಮುಖ ನೋಡಿಕೊಂಡರು. ನಾನು ಅವರ ನಡುವೆಯೇ ಹಾದು ಹೋದೆ. ಅಜ್ಜಿ ಅದೇ ಧಾಬಳಿ ಹೊದ್ದು ಮಲಗಿದ್ದರು. ಒಂದು ತೂತಿನಿಂದ ಬೆರಳು ತೂರಿಸಿ ಆಡಿಸಿ ತೋರಿಸಿದರು. “ನಿನ್ ಕೋಳಿ ಉಪಕಾರ. ಚಳಿ ಎಲ್ಲಾ ಇಲ್ಲಿಂದಾನೇ ಬರುತ್ತೆ.” ಇಬ್ಬರೂ ನಕ್ಕೆವು. ಮೂಗಿನ ತುದಿಯಲ್ಲಿ ಹನಿ ನೇತಾಡುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಕೈ ಎತ್ತಲಾಗಲಿಲ್ಲ. ನಾನೇ ನನ್ನ ಸೆರಗಿನಿಂದ ಒರೆಸಿದೆ. ಬೇಡ ಅನ್ನಲಿಲ್ಲ.

ಮರುವಾರ ಹೋಗಿಬಿಟ್ಟರು.