ಮಾವನವರ ಕಾಲಿಗೆ ಒದ್ದ ಬ್ರೇಕು

ನಮ್ಮ ಮನೆಯಲ್ಲಿ ಬ್ರೇಕು ಎಂಬುದು ಗಾಡಿಯ ಭಾಗವಾಗಿರಲಿಲ್ಲ, ಮಾವನವರ ಬಲಗಾಲಿನ ಭಾಗವಾಗಿತ್ತು. ಹರೆಯದಲ್ಲಿ ಅವರು ರೋಣದಿಂದ ನರಗುಂದಕ್ಕೂ ಗಜೇಂದ್ರಗಡಕ್ಕೂ ಬಾಡಿಗೆ ಜೀಪು ಓಡಿಸಿದವರು. ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚಿರುತ್ತಿದ್ದ ಆ ಜೀಪು ಒಮ್ಮೆಯೂ ಯಾರನ್ನೂ ಕೆಡವಲಿಲ್ಲ ಎಂಬುದು ಮನೆಯ ಇತಿಹಾಸ. ಅದರ ಗುಟ್ಟನ್ನು ಅವರು ಊಟಕ್ಕೆ ಕೂತಾಗ, ಕಡಲೆ ಒಣಹಾಕುವಾಗ, ಯಾರದ್ದೋ ಮದುವೆಯ ಹಂದರದಲ್ಲಿ, ಕೇಳದವರಿಗೂ ಹೇಳುತ್ತಿದ್ದರು.

“ಬ್ರೇಕ್ ಅಂದ್ರ ಒಮ್ಮೆಲೇ ಒತ್ತೂದಲ್ಲ. ತುಳಿ, ಬಿಡು, ತುಳಿ, ಬಿಡು. ಹಸಿ ಎರಿ ಮಣ್ಣಿನ ಮ್ಯಾಲ ಗಟ್ಟಿ ತುಳಿದ್ರ ಗಾಲಿ ನಿಂತು ಗಾಡಿ ಜಾರ್ತೈತಿ. ಕಾಲಿಗೆ ಕಿವಿ ಇರಬೇಕು.”

ಅವರ ಕಾಲಿಗೆ ಕಿವಿ ಇತ್ತೋ ಏನೋ, ಕಿವಿಗೆ ಮಾತ್ರ ನನ್ನ ಮಾತು ಬೀಳುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಕಾರು ಓಡಿಸುವ ಲೈಸೆನ್ಸೂ ಇತ್ತು. ಹುಬ್ಬಳ್ಳಿಯ ಗದ್ದಲದಲ್ಲಿ ಅಪ್ಪನ ಕಾರು ಓಡಿಸಿ ಕಲಿತವಳು ನಾನು. ಅತ್ತೆ ಆ ಲೈಸೆನ್ಸನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಕಪಾಟಿಗೆ ಬೀಗ ಹಾಕಿದರು. ಬೆಲೆಬಾಳುವ ವಸ್ತು, ದಿನಬಳಕೆಗಲ್ಲ ಎಂಬಂತೆ. ನನಗೆ ಗಜೇಂದ್ರಗಡದ ಒಂದು ಶಾಲೆಯಲ್ಲಿ ಕೆಲಸ. ದಿನಾ ಬಸ್ಸಿನ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಹೋಗುತ್ತಿದ್ದೆ. ಮನೆಗೆ ಕಾರು ಬಂದರೆ ನಾನೇ ಓಡಿಸಿಕೊಂಡು ಶಾಲೆಗೆ ಹೋಗಬೇಕು ಎಂಬುದು ನನ್ನ ಆಸೆ. ಆಸೆ ಏನು ಬಂತು, ಹಟ. ಗಂಡನಿಗೆ ಹೇಳಿದರೆ ಅಡುಗೆಮನೆಯಲ್ಲಿ ನನಗೆ “ಖರೇ ಐತಿ ನೋಡು” ಎನ್ನುತ್ತಿದ್ದ. ಪಡಸಾಲೆಗೆ ಹೋಗಿ, ಹೆಂಗಸರಿಗೆ ಸ್ಟೇರಿಂಗ್ ಯಾಕೆ ಎನ್ನುವ ಅಪ್ಪನಿಗೂ “ಖರೇ ಐತ್ರಿ” ಎನ್ನುತ್ತಿದ್ದ. ನಡುವಿನ ಹೊಸ್ತಿಲು ದಾಟುವಷ್ಟರಲ್ಲಿ ಅವನ ಸತ್ಯ ಬದಲಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಗಳಾಗಿದ್ದವು. ಹತ್ತಿ ಚೆನ್ನಾಗಿ ಬಂದ ಒಂದು ವರ್ಷ ಮಾವನವರು ಹುಬ್ಬಳ್ಳಿಗೆ ಹೋಗಿ ಕಾರು ಕೊಂಡರು. ಮನೆಮಂದಿಯೆಲ್ಲ ಹೋಗಿದ್ದೆವು. ಇದರಲ್ಲಿ ಎಬಿಎಸ್ ಇದೆ ಎಂದು ಅಂಗಡಿಯ ಹುಡುಗ ಹೆಮ್ಮೆಯಿಂದ ಹೇಳಿದ. ಮಾವನವರು ಆ ಹೊತ್ತಿಗೆ ಗಾಲಿಯಡಿ ಇಡಲು ನಿಂಬೆಹಣ್ಣು ನಾಲ್ಕು ಸಾಕೋ, ಸ್ಟೆಪ್ನಿಗೂ ಒಂದು ಬೇಕೋ ಎಂದು ಅತ್ತೆಯೊಡನೆ ಚರ್ಚೆ ನಡೆಸಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ.

“ಪ್ರತಿ ಗಾಲಿಗೂ ಒಂದು ಸೆನ್ಸರ್ ಇರ್ತೈತ್ರಿ, ಮೇಡಂ. ಗಾಲಿ ಎಷ್ಟ ಜೋರ ತಿರಗಾಕತ್ತೈತಿ ಅಂತ ನೋಡ್ತಿರ್ತೈತಿ. ನೀವು ಗಟ್ಟಿ ಬ್ರೇಕ್ ಹಾಕಿದಾಗ ಯಾವುದಾದ್ರೂ ಗಾಲಿ ಪೂರ್ತಿ ನಿಂತು ಜಾರಾಕ ಹೊಂಟ್ರ, ಆ ಗಾಲಿ ಬ್ರೇಕ್ ತಾನ ಸಡಲ ಮಾಡಿ ಮತ್ತ ಹಿಡೀತೈತಿ. ಕಣ್ಣ ಮುಚ್ಚಿ ತಗಿಯೂದ್ರಾಗ ಭಾಳ ಸಲ. ನಿಂತ ಗಾಲಿ ಸ್ಟೇರಿಂಗ್ ಮಾತ ಕೇಳೂದಿಲ್ರಿ, ತಿರಗೂ ಗಾಲಿ ಕೇಳ್ತೈತಿ. ಅದಕ್ಕ ಕಾಲ ಎತ್ತಬಾರದು. ಒತ್ತಿ ಹಿಡಕೊಂಡು ಸ್ಟೇರಿಂಗ್ ತಿರುವಿಬಿಡಬೇಕು. ಪೆಡಲ್ ಕಾಲಾಗ ನಡಗ್ತೈತಿ, ಅಂಜಬಾರದು.”

ಇನ್ನೂ ದೊಡ್ಡ ಕಾರುಗಳಲ್ಲಿ ಮತ್ತೊಂದು ಏರ್ಪಾಡು ಇರುತ್ತದೆ, ತಿರುವಿನಲ್ಲಿ ಗಾಡಿಯ ಮೂತಿ ದಾರಿ ಬಿಟ್ಟು ಹೊರಟರೆ ಯಾವುದೋ ಒಂದು ಗಾಲಿಗೆ ಮಾತ್ರ ತಾನೇ ಬ್ರೇಕು ಹಾಕಿ ಗಾಡಿಯನ್ನು ನೆಟ್ಟಗೆ ತರುತ್ತದೆ ಎಂದೂ ಹೇಳಿದ. ಈ ಮಾತು ಮಾತ್ರ ಮಾವನವರ ಕಿವಿಗೆ ಬಿತ್ತು.

“ಒಂದ ಗಾಲಿಗೆ ಬ್ರೇಕ್ ಹಿಡಿಯೂದು ನನ್ನ ಹಳೇ ಜೀಪಿಗೂ ಇತ್ತಪಾ. ಅದನ್ನ ರಿಪೇರಿ ಮಾಡ್ಸಾಕ ನಾನ ರೊಕ್ಕಾ ಕೊಟ್ಟೀನಿ,” ಎಂದರು. ಹುಡುಗ ಬಿಲ್ಲು ಬರೆಯಲು ಹೋದ.

ಕಾರು ರೋಣಕ್ಕೆ ಬಂತು. ಚಾವಿ ಮಾವನವರ ಅಂಗಿಯ ಒಳಜೇಬಿಗೆ ಹೋಯಿತು. ನಾನು ಬಸ್ಸಿನ ಬಾಗಿಲಿಗೆ ಹೋದೆ.

ಮೊದಲ ಮಳೆಗೆ ಸಂಕಟ ಶುರುವಾಯಿತು. ಹೊಲದಿಂದ ಬಂದ ಟ್ರ್ಯಾಕ್ಟರುಗಳು ಗಾಲಿಯಲ್ಲಿ ಮೆತ್ತಿಕೊಂಡ ಜಿಗಟು ಕಪ್ಪು ಎರಿ ಮಣ್ಣನ್ನು ಡಾಂಬರಿನ ಮೇಲೆ ಸಾರಿಸಿ ಹೋಗಿದ್ದವು. ನೀರು ಬಿದ್ದರೆ ಆ ಮಣ್ಣು ಬೆಣ್ಣೆ. ನಾವು ಕಾರಿನಲ್ಲಿ ಹೋಗುತ್ತಿದ್ದಾಗ ಬೆಳವಣಕಿಯ ಬಳಿ ಒಂದು ಎಮ್ಮೆ ಯಾವ ಅವಸರವೂ ಇಲ್ಲದೆ ರಸ್ತೆಗೆ ಬಂದು ಅಲ್ಲೇ ಮೆಲುಕು ಹಾಕತೊಡಗಿತು. ಮಾವನವರು ಬ್ರೇಕು ತುಳಿದರು. ಕೆಳಗೆ ಗರಗರ ಸದ್ದಾಯಿತು. ಪೆಡಲು ಅವರ ಅಂಗಾಲನ್ನು ಒದೆಯಿತು. ಅವರು ಬೆಂಕಿ ತುಳಿದವರಂತೆ ಕಾಲು ಎತ್ತಿಬಿಟ್ಟರು. ಗಾಡಿ ಮುಂದೆ ಹೋಯಿತು. ಎಮ್ಮೆಯೇ ಏನೋ ನೆನಪಾದಂತೆ ಒಂದು ಹೆಜ್ಜೆ ಹಿಂದೆ ಸರಿದದ್ದರಿಂದ ಇಬ್ಬರ ಮರ್ಯಾದೆಯೂ ಉಳಿಯಿತು.

“ಒದೀತೈತಲ್ಲೋ ಇದು!” ಎಂದರು ಮಾವನವರು. ಅವರ ಮುಖದಲ್ಲಿ ಹೆದರಿಕೆಗಿಂತ ಅವಮಾನ ಹೆಚ್ಚಿತ್ತು.

ಒದೆಯುವುದಲ್ಲ, ಅದು ಅದರ ಕೆಲಸ, ಕಾಲು ಎತ್ತಬಾರದಿತ್ತು ಎಂದು ಹಿಂದಿನ ಸೀಟಿನಿಂದ ಹೇಳಿದೆ. “ನೀ ಸಾಲ್ಯಾಗ ಹುಡುಗ್ರಿಗೆ ಹೇಳವಾ,” ಎಂಬ ಉತ್ತರ ಬಂತು. ಗಂಡನ ಕಡೆ ನೋಡಿದೆ. ಅವನು ಎಮ್ಮೆಯ ಕಡೆ ನೋಡುತ್ತಿದ್ದ.

ಮರುದಿನ ನಮ್ಮ ಕಟ್ಟೆಯ ಮೇಲೆ ಮೇಧಾವಿಗಳ ಸಭೆ ಸೇರಿತು. ಬ್ರೇಕು ಯಾಕೆ ಒದೆಯುತ್ತದೆ? ಗಾಡಿ ತಂದ ಗಳಿಗೆ ಸರಿಯಿಲ್ಲ ಎಂದರು ಒಬ್ಬರು. ಒಳಗೆ ಹೆಗ್ಗಣ ಹೊಕ್ಕಿರಬೇಕು ಎಂದರು ಇನ್ನೊಬ್ಬರು. ಐದನೇ ನಿಂಬೆಹಣ್ಣು ಇಡದ್ದಕ್ಕೆ ಸ್ಟೆಪ್ನಿ ಮುನಿದಿದೆ ಎಂಬುದು ಸ್ವತಃ ಅತ್ತೆಯ ಅಭಿಪ್ರಾಯ. ಗಾಡಿ ಓಡಿಸಲು ಬಾರದವರೇ ಹೆಚ್ಚು ಖಚಿತವಾಗಿ ಮಾತಾಡಿದರು. ಚಹಾದ ತಾಟು ಹಿಡಿದು ಬಂದ ನಾನು ಕಾರಣ ಹೇಳಿದಾಗ ಎಲ್ಲರೂ ಚಹಾ ತೆಗೆದುಕೊಂಡರು, ಕಾರಣವನ್ನು ತಾಟಿನಲ್ಲೇ ಬಿಟ್ಟರು.

ಕೊನೆಗೆ ಗ್ಯಾರೇಜಿನ ಮೇಸ್ತ್ರಿ ಬಂದ. ಬಾನೆಟ್ ಎತ್ತಿ, ಕಿವಿ ಇಟ್ಟು, ತಲೆದೂಗಿ, ಒಂದು ಪುಟ್ಟ ಫ್ಯೂಜನ್ನು ಕಿತ್ತು ಮಾವನವರ ಅಂಗೈಯಲ್ಲಿಟ್ಟ. “ಇಷ್ಟ ನೋಡ್ರಿ ರೋಗ. ಇನ್ನ ಗಾಡಿ ನಿಮ್ಮ ಕಾಲಿನ ಮಾತ ಕೇಳ್ತೈತಿ.”

ಮಾವನವರು ಒಂದು ಸುತ್ತು ಹೋಗಿ ಬಂದರು. ತುಳಿದರು, ಬಿಟ್ಟರು. ಒದೆಯಲಿಲ್ಲ. ಆನಂದವಾಯಿತು. ಆದರೆ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹೊತ್ತಿಕೊಂಡಿತು, ಆರಲೇ ಇಲ್ಲ. ಎಬಿಎಸ್ ಸತ್ತಿದೆ ಎಂದು ಅದು ಹೇಳುತ್ತಿದೆ ಎಂದೆ. ಮಾವನವರು ಸ್ವಲ್ಪ ಯೋಚಿಸಿ, ಮನೆದೇವರ ಒಂದು ಚಿಕ್ಕ ಚಿತ್ರ ತಂದು ಆ ದೀಪದ ಮೇಲೆ ಅಂಟಿಸಿದರು. ಅಂದಿನಿಂದ ದೇವರ ತಲೆಯ ಹಿಂದೆ ಹಳದಿ ಪ್ರಭೆ ಮೂಡಿತು. ಅತ್ತೆಗೆ ಈ ಪವಾಡದ ಹಿನ್ನೆಲೆ ಗೊತ್ತಿರಲಿಲ್ಲ. ಕಾರು ಹತ್ತಿದಾಗಲೆಲ್ಲ ಮುಂದೆ ಬಾಗಿ ಕೈಮುಗಿದು, “ಹ್ಯಾಂಗ ಬೆಳಗಾಕತ್ತಾನ ನೋಡ ನಮ್ಮಪ್ಪ,” ಎನ್ನುತ್ತಿದ್ದರು.

ಕಾರಿನ ಅಪಾಯದ ಸೂಚನೆಗೆ ನಮ್ಮ ಮನೆಯಲ್ಲಿ ನಿತ್ಯಪೂಜೆ ನಡೆದದ್ದು ಹೀಗೆ. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆ ಕಾರಿನಲ್ಲಿ ಕೂರಲು ಹೆದರಿಕೆಯೂ ಆಗುತ್ತಿತ್ತು.

ಹೆಸರುಕಾಳಿನ ಸುಗ್ಗಿ ಬಂತು. ಆ ದಿನಗಳಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಿತ್ತ ಹೆಸರು ಗಿಡವನ್ನು ಬಳ್ಳಿ ಸಮೇತ ರಸ್ತೆಗೆ ಹರವುತ್ತಾರೆ. ಹೋಗಿಬರುವ ಬಸ್ಸು, ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಸರಕಾರ ರಸ್ತೆ ಮಾಡಿಸಿದ್ದು ಇದಕ್ಕೇ ಎಂದು ಬಹಳ ಮಂದಿ ನಂಬಿದ್ದಾರೆ. ಮಾವನವರಂಥ ಹಳೆಯ ಡ್ರೈವರಿಗೆ ಹರವಿದ ಹೆಸರನ್ನು ಬಿಟ್ಟು ಬದಿಯಿಂದ ಹೋಗುವುದು ಪಾಪ. ಗಾಲಿಗಳನ್ನು ಎಣಿಸಿಟ್ಟಂತೆ ಅದರ ಮೇಲೆಯೇ ಹಾಯಿಸುತ್ತಿದ್ದರು.

ಆ ದಿನ ಲಕ್ಕಲಕಟ್ಟಿಯಲ್ಲಿದ್ದ ಅವರ ತಂಗಿಯ ಮನೆಗೆ ನಾವು ನಾಲ್ವರೂ ಹೊರಟಿದ್ದೆವು. ಊರು ಹತ್ತಿರವಾದಾಗ ಜಿಟಿಜಿಟಿ ಮಳೆ ಹತ್ತಿತು. ಒಂದು ತಿರುವು ದಾಟುತ್ತಲೇ ರಸ್ತೆಯುದ್ದಕ್ಕೂ ಹೆಸರು. ಅದರಾಚೆ ತುದಿಯಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ, ತೊಯ್ಯುವ ಮೊದಲು ಕಾಳು ಎತ್ತಿಕೊಳ್ಳಬೇಕೆಂದು ಮೊರದಿಂದ ಬಾಚುತ್ತಿದ್ದಳು.

ಮಾವನವರು ಹಾರ್ನ್ ಒತ್ತಿದರು. ಅವಳು ತಿರುಗಲಿಲ್ಲ. ಬ್ರೇಕು ಒತ್ತಿದರು. ಜೀವಮಾನವೆಲ್ಲ ಉಪದೇಶ ಮಾಡಿದ “ತುಳಿ, ಬಿಡು” ಆ ಗಳಿಗೆಯಲ್ಲಿ ಎಲ್ಲಿ ಓಡಿಹೋಯಿತೋ. ತುಳಿದರು, ಬಿಡಲಿಲ್ಲ. ಗಾಲಿಗಳು ನಿಂತವು. ಗಾಡಿ ನಿಲ್ಲಲಿಲ್ಲ. ಹಸಿ ಬಳ್ಳಿಯ ಮೇಲೆ ಚಾಪೆ ಎಳೆದಂತೆ ಜಾರುತ್ತ ಹೋಯಿತು. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುವಿದರೂ ಮೂತಿ ಅವಳ ಕಡೆಗೇ ಇತ್ತು. ಅತ್ತೆ ದೇವರನ್ನು ಕೂಗಿದರು. ದೇವರು ಹಳದಿಯಾಗಿ ಬೆಳಗುತ್ತಲೇ ಇದ್ದ. ಬಳ್ಳಿ ಮುಗಿದು ಬರಿ ಡಾಂಬರು ಸಿಕ್ಕಾಗ ಗಾಲಿಗಳು ಮತ್ತೆ ತಿರುಗಿ, ಗಾಡಿ ತಟ್ಟನೆ ಎಡಕ್ಕೆ ಹೊರಳಿ, ಅವಳ ಮೊರವನ್ನು ಹಾರಿಸಿ, ಪಕ್ಕದ ಎರಿ ಹೊಲಕ್ಕೆ ಇಳಿದು ಹೂತುಕೊಂಡಿತು.

ಅವಳಿಗೆ ಏನೂ ಆಗಿರಲಿಲ್ಲ. ಅವಳು ಕೆಸರಲ್ಲಿ ಬಿದ್ದ ಮೊರ ಎತ್ತಿಕೊಂಡು ಕಿಟಕಿಗೆ ಬಂದಳು.

“ಏನ್ರಿ ಯಜಮಾನ್ರ, ಹೆಸರ ತುಳೀರಿ ಅಂತ ಹಾಕೀವಿ, ನಮ್ಮನ್ನ ತುಳೀರಿ ಅಂತಲ್ಲ! ಗಾಡಿಗೆ ಬ್ರೇಕ್ ಇಲ್ಲೇನು?”

ಹೊಸ್ತಿಲು ಯಾವುದೂ ಇಲ್ಲದ ಆ ಬಯಲಿನಲ್ಲಿ, ನನ್ನ ಗಂಡನ ಬಾಯಿಂದ ಸತ್ಯ ಹೊರಬಿತ್ತು.

“ಇತ್ತ್ರಿ. ತಗಿಸೀವಿ.”

ಅತ್ತೆ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು, ದೇವರ ಚಿತ್ರವನ್ನು ಉಗುರಿನಿಂದ ಮೆಲ್ಲಗೆ ಕಿತ್ತರು. ಕೆಳಗೆ ದೀಪ ಹೊಳೆಯುತ್ತಿತ್ತು. ಅವರು ಆ ಚಿತ್ರವನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟರು.

ಆ ಹೆಂಗಸಿನ ಗಂಡ ಜೋಡೆತ್ತು ತಂದು ಕಾರಿಗೆ ಹಗ್ಗ ಬಿಗಿದ. ಎತ್ತುಗಳು ಎಳೆದಂತೆ ಕಾರು ಅಡ್ಡಡ್ಡ ಹೊರಳಿತು. ಅವನು ಎಡಗಡೆಯ ಎತ್ತಿನ ಹಗ್ಗವನ್ನಷ್ಟೇ ಹಿಂದಕ್ಕೆ ಜಗ್ಗಿ ಹಿಡಿದ. ಬಲಗಡೆಯದು ಮುಂದೆ ನಡೆಯಿತು. ಜೋಡಿ ಎಡಕ್ಕೆ ತಿರುಗಿ, ಹಿಂದಿದ್ದ ಕಾರಿನ ಮೂತಿ ನೆಟ್ಟಗಾಯಿತು. ಹುಬ್ಬಳ್ಳಿಯ ಹುಡುಗ ದೊಡ್ಡ ಕಾರುಗಳ ಬಗ್ಗೆ ಹೇಳಿದ್ದು ನನಗೆ ಆಗ ಪೂರ್ತಿ ಅರ್ಥವಾಯಿತು. “ಮಾವಾರ, ಒಂದ ಗಾಲಿಗೆ ಬ್ರೇಕ್ ಹಿಡಿಯೂದು ಅಂದ್ರ ಇದ ಇರಬೇಕ್ರಿ,” ಎಂದೆ. ಅವರು ಎತ್ತುಗಳನ್ನೇ ನೋಡುತ್ತ ನಿಂತಿದ್ದರು. ಈ ಸಲ, ಶಾಲೆಯ ಹುಡುಗರಿಗೆ ಹೇಳು ಎನ್ನಲಿಲ್ಲ.

ಮನೆಯಲ್ಲಿ ಅತ್ತೆಯ ತೀರ್ಪು ಹೊರಬಿತ್ತು. ಫ್ಯೂಜು ತಿರುಗಿ ಕೂರಬೇಕು. “ಬ್ರೇಕ್ ನಡಗಿದಾಗ ಯಾರು ಕಾಲ ಎತ್ತೂದಿಲ್ಲ, ಅವರ ಕೈಯಾಗ ಚಾವಿ. ಗಂಡಸೋ ಹೆಂಗಸೋ ನಂಗ ಗೊತ್ತಿಲ್ಲ.”

ಮಳೆ ನಿಂತ ಮೇಲೆ, ಮುಚ್ಚಿಹೋದ ಹತ್ತಿ ಮಿಲ್ಲಿನ ಮುಂದಿನ ಖಾಲಿ ಬಯಲಿನಲ್ಲಿ ಪರೀಕ್ಷೆ. ಅತ್ತೆ ರೊಟ್ಟಿಬುಟ್ಟಿಯನ್ನು ಕೆಸರಿನಲ್ಲಿ ಬೋರಲು ಹಾಕಿ, ತಾವು ದೂರ ಕಲ್ಲಿನ ಮೇಲೆ ಕೂತರು. ಬುಟ್ಟಿಯ ಕಡೆ ಓಡಿಸಿಕೊಂಡು ಬಂದು, ಗಟ್ಟಿ ಬ್ರೇಕು ಹಾಕಿ, ಅದಕ್ಕೆ ತಾಗದಂತೆ ಬಳಸಿ ಹೋಗಬೇಕು. ಮಾವನವರು ಬಂದರು. ತುಳಿದರು. ಪೆಡಲು ನಡುಗಿತು, ಕಾಲು ಎದ್ದಿತು, ಬುಟ್ಟಿ ಅಪ್ಪಚ್ಚಿಯಾಯಿತು. ಇನ್ನೊಂದು ಬುಟ್ಟಿ ಇಟ್ಟರು. ಮತ್ತೆ ಕಾಲು ಎದ್ದಿತು. ಈ ಸಲ ಎತ್ತಬಾರದೆಂದು ಹಲ್ಲುಕಚ್ಚಿ ಬಂದದ್ದು ನಮಗೆಲ್ಲ ಕಾಣುತ್ತಿತ್ತು. ಆದರೂ ಎದ್ದಿತು.

ನಾನು ಹತ್ತಿದೆ. ನನ್ನ ಕಾಲಿಗೆ ಯಾವ ವಿದ್ಯೆಯೂ ಇರಲಿಲ್ಲ, ಕಿವಿಯೂ ಇರಲಿಲ್ಲ. ಒತ್ತಿದೆ. ಅಂಗಾಲಿನಡಿ ಗರಗರ ನಡುಗಿತು. ಒತ್ತಿಯೇ ಹಿಡಿದು ಸ್ಟೇರಿಂಗ್ ತಿರುವಿದೆ. ಕಾರು ಕೆಸರಿನಲ್ಲಿ ನಿಲ್ಲದೆ ಇನ್ನೂ ಕೊಂಚ ದೂರ ಹೋಯಿತು, ಆದರೆ ಹೇಳಿದ ಕಡೆ ಹೋಯಿತು. ಬುಟ್ಟಿ ಉಳಿಯಿತು.

ಗೆದ್ದ ಖುಷಿಯಲ್ಲಿ ಇಳಿದವಳಿಗೆ ಮಾವನವರು ತಮ್ಮ ಬಲಗಾಲನ್ನೇ ನೋಡುತ್ತ ನಿಂತದ್ದು ಕಂಡಿತು. ನನಗೆ ಕೆಡುಕೆನಿಸಿತು. ಹತ್ತಿರ ಹೋಗಿ ಹೇಳಿದೆ:

“ಮಾವಾರ, ಅದು ಒದಿಯೂದಲ್ರಿ. ನೀವು ಹೇಳ್ತಿದ್ದಿರಲ್ಲ, ತುಳಿ, ಬಿಡು, ತುಳಿ, ಬಿಡು ಅಂತ. ಅದನ್ನ ಅದು ಲಗೂಲಗೂ ಮಾಡಾಕತ್ತೈತಿ, ಅಷ್ಟ. ನೀವೂ ಬಿಟ್ರ ಅದರ ಕೆಲಸ ಕೆಡ್ತೈತಿ.”

ಅವರು ಆ ಕಾಲನ್ನು ಕೆಸರಿನಲ್ಲಿ ಒಮ್ಮೆ ಊರಿ, ಎತ್ತಿದರು.

“ಅಂದ್ರ ನನ್ನ ಕಾಲನ್ನ ಡಬ್ಬ್ಯಾಗ ಹಾಕಿ ಕೊಟ್ಟಾರಂತ ಆತು,” ಎಂದರು. “ಮತ್ತ ಈ ಕಾಲಿಗೆ ಏನ ಕೆಲಸ?”

ಮನೆಯ ತನಕ ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತರು. ಪ್ರತಿ ತಿರುವಿಗೂ ಅವರ ಬಲಗಾಲು ಕೆಳಗಿನ ರಬ್ಬರ್ ಹಾಸನ್ನು ತುಳಿಯುತ್ತಿತ್ತು, ಬಿಡುತ್ತಿತ್ತು. ಕಟ್ಟೆಯ ಮೇಧಾವಿಗಳು ಎದ್ದು ನಿಂತು ನೋಡಿದರು. ಇಳಿದ ಮೇಲೆ ಮಾವನವರು ನನ್ನ ಮುಂದೆ ಕೈ ಚಾಚಿದರು. ಅಭ್ಯಾಸಬಲ, ಮತ್ತೆ ಒಳಜೇಬಿಗೇ ಹೋಗುತ್ತದೆ ಎಂದುಕೊಂಡು ಚಾವಿ ಕೊಟ್ಟೆ. ಅವರು ಚಪ್ಪಲಿ ಬಿಟ್ಟು, ಪಡಸಾಲೆ ದಾಟಿ, ಎಂದೂ ಕಾಲಿಡದ ಅಡುಗೆಮನೆಗೆ ಹೋಗಿ ಅದನ್ನು ಜರಡಿ ತೂಗುಹಾಕುವ ಮೊಳೆಗೆ ಹಾಕಿದರು.

“ನಾಳೆ ಸಾಲಿಗೆ ಎಷ್ಟೊತ್ತಿಗೆ ಹೊಂಟೀಯವಾ?” ಎಂದು ಕೇಳಿದರು. “ನನ್ನೂ ಗಜೇಂದ್ರಗಡಕ್ಕ ಒಂಚೂರು ಬಿಡು.”